ಆರನೆಯ ಕಲಮಿನ ಇಚ್ಛಾಂಕ

ಸತ್ತವರು ಬರೆದಿಟ್ಟುಹೋದ ಮಾತು ಮನಸ್ಸಿನಿಂದ ಬಂದದ್ದೋ, ಯಾರದೋ ಕಾಟಕ್ಕೆ ಬಂದದ್ದೋ ಎಂಬುದನ್ನು ಕಾಗದವೇ ಹೇಳುವಂತಿದ್ದರೆ? ಈ ಪ್ರಶ್ನೆಯನ್ನು ಮೊದಲು ಕೇಳಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅವನಿಗೆ ಅಣ್ಣತಮ್ಮಂದಿರು ಇದ್ದಿರಲೇಬೇಕು. ಅದಕ್ಕೆ ಉತ್ತರವಾಗಿ ಹುಟ್ಟಿದ ಯಂತ್ರದ ಮುಂದೆ ಹನ್ನೊಂದು ವರ್ಷ ಕೂತವಳು ನಾನು, ಸಿಂಚನ, ತುಮಕೂರಿನ ಪತ್ರಶೋಧ ಪ್ರಯೋಗಾಲಯದ ಹಿರಿಯ ಪರೀಕ್ಷಕಿ. ಅನುಮಾನ ಪಡುವುದು ನನ್ನ ಕಸುಬು. ಸಂಬಳ ಕೊಡದಿದ್ದರೂ ನೀನು ಪಡುತ್ತಿದ್ದೆ ಎನ್ನುತ್ತಾನೆ ನನ್ನ ಗಂಡ ತೇಜಸ್.

ಯಂತ್ರದ ಹೆಸರು ಒತ್ತುಮಾಪಕ. ಬರೆಯುವಾಗ ಲೇಖನಿಯ ಮೊನೆ ಕಾಗದದ ನಾರನ್ನು ತುಳಿಯುತ್ತದೆ. ತುಳಿದ ಗುರುತು ನೂರು ವರ್ಷವಾದರೂ ಪೂರ್ತಿ ಮಾಯುವುದಿಲ್ಲ. ಕೈ ಎಲ್ಲಿ ಭಾರವಾಯಿತು, ಎಲ್ಲಿ ಓಡಿತು, ಎಲ್ಲಿ ನಿಂತಿತು, ಎಲ್ಲಿ ನಡುಗಿತು ಎಂಬುದನ್ನು ಯಂತ್ರ ಅಕ್ಷರ ಅಕ್ಷರಕ್ಕೂ ಅಳೆದು, ಉಯಿಲಿನ ಪ್ರತಿಯೊಂದು ಕಲಮಿಗೂ ಸೊನ್ನೆಯಿಂದ ನೂರರೊಳಗೆ ಒಂದು ಅಂಕೆ ಕೊಡುತ್ತದೆ. ಅದೇ ಇಚ್ಛಾಂಕ. ನೂರರ ಹತ್ತಿರ ಬಂದರೆ ಮನಸಾರೆ ಬರೆದದ್ದು. ನಲವತ್ತಕ್ಕಿಂತ ಕೆಳಗಿಳಿದರೆ ಆ ಕಲಮು ಪರದೆಯ ಮೇಲೆ ಕೆಂಪಾಗುತ್ತದೆ.

ಯಂತ್ರವೊಂದೇ ಇದ್ದಿದ್ದರೆ ಅಪಾಯವಿರಲಿಲ್ಲ. ಅದರ ಬೆನ್ನಿಗೇ ‘ಪೀಳಿಗೆ’ ಬಂತು. ಮನೆತನದ ಚರಿತ್ರೆಯನ್ನೆಲ್ಲ ತುಂಬಿಡುವ ತಂತ್ರಾಂಶ. ಮೊದಮೊದಲು ಜನ ಅದರಲ್ಲಿ ಅಜ್ಜಂದಿರ ಫೋಟೊ, ಹಳೆಯ ಲಗ್ನಪತ್ರಿಕೆ ಹಾಕಿಕೊಂಡು ಸಂತೋಷಪಡುತ್ತಿದ್ದರು. ಆಮೇಲೆ ಸರ್ಕಾರ ಅದಕ್ಕೆ ಕಾಯಿದೆಯ ಬಲ ಕೊಟ್ಟಿತು. ಹಿರಿಯರ ಉಯಿಲುಗಳನ್ನು ಪೀಳಿಗೆಯಲ್ಲಿ ದಾಖಲಿಸಬೇಕು. ದಾಖಲಾದ ಕಲಮು ಮಾತ್ರ ಊರ್ಜಿತ. ಕೆಂಪು ಕಲಮನ್ನು ಮನೆತನದ ಹಿರಿಯ ಬೇಕೆಂದರೆ ಅಳಿಸಬಹುದು. ‘ಬಲವಂತದ ಮಾತಿಗೆ ಮಕ್ಕಳು ಬದ್ಧರಲ್ಲ’ ಎಂಬುದು ಆ ಕಾಯಿದೆಯ ಮೊದಲ ವಾಕ್ಯ. ಕೇಳಲು ಚೆನ್ನಾಗಿಯೇ ಇದೆ.

ಜನ ಬೇಗ ಪಳಗಿದರು. ಗಂಡ ಮದುವೆಗೆ ಮುಂಚೆ ಬರೆದ ಪತ್ರ, ಅತ್ತೆ ಕೈಬರಹದಲ್ಲಿ ಬರೆದುಕೊಟ್ಟ ಸಾರಿನ ಪುಡಿಯ ಅಳತೆ, ಎಲ್ಲವನ್ನೂ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ‘ಉಯಿಲು ಮಾತ್ರ’ ಎಂದು ಬೋರ್ಡು ಹಾಕಬೇಕಾಯಿತು. ಕುಣಿಗಲ್ ಕಡೆಯ ಒಬ್ಬಾಕೆ, ತನ್ನ ತಾತನ ಉಯಿಲಿನಲ್ಲಿ ‘ನನ್ನ ಪ್ರೀತಿಯ ಕಿರಿಮಗಳು’ ಎಂದು ತನ್ನ ತಾಯಿಯ ಬಗ್ಗೆ ಇದ್ದ ಸಾಲಿಗೆ ಇಪ್ಪತ್ತೆರಡು ಬಂತೆಂದು ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. “ಅಂಕೆ ಸುಳ್ಳು ಹೇಳಲ್ಲಮ್ಮ” ಎಂದು ಅವಳಿಗೆ ಸಮಾಧಾನ ಹೇಳಿದ್ದೆ. ಸಮಾಧಾನವಂತೆ! ಈಗ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸುತ್ತದೆ.

*

ಆ ವರ್ಷ ನನ್ನ ಗಂಡನ ಮನೆತನದ ಸರದಿ ಬಂತು. ತಿಪಟೂರಿನಲ್ಲಿ ಪಾತ್ರೆ ಅಂಗಡಿಯವರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಐದು ತಲೆಮಾರಿನ ಹಿಂದೆ, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಮನೆಯ ಯಜಮಾನ ಚನ್ನಮಲ್ಲಪ್ಪನವರು ಏಳು ಕಲಮಿನ ಒಂದು ಉಯಿಲು ಮಾಡಿಸಿ ತೀರಿಕೊಂಡರು. ಉಳಿದ ಆರು ಕಲಮುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಆರನೆಯದು ಮಾತ್ರ ನೂರಿಪ್ಪತ್ತೆರಡು ವರ್ಷದಿಂದ ಮನೆಯವರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

‘ನಮ್ಮ ಮನೆಯಲ್ಲಿ ಅಡಿಗೆ ಕೆಲಸದಲ್ಲಿರುವ ಕೆಂಪಾಜಮ್ಮನಿಗೂ ಆಕೆಯ ಸಂತತಿಯವರಿಗೂ ಮನೆಯ ಹಿಂದಣ ಎರಡು ಅಂಕಣವೂ ಬಾವಿಯ ನೀರಿನ ಹಕ್ಕೂ ಆಚಂದ್ರಾರ್ಕವಾಗಿ ಸಲ್ಲತಕ್ಕದ್ದು. ಇವರನ್ನು ನಮ್ಮ ಮನೆಯವರೆಂದೇ ತಿಳಿಯತಕ್ಕದ್ದು.’

ಅಡಿಗೆಯವಳಿಗೆ ಮನೆ ಯಾಕೆ ಕೊಟ್ಟರು? ಮೊದಲು ಎಲ್ಲರೂ ಊಹಿಸುವುದನ್ನೇ ಊಹಿಸಿದ್ದರು. ಹತ್ತು ವರ್ಷದ ಹಿಂದೆ ರಕ್ತ ಪರೀಕ್ಷೆಯೂ ಆಯಿತು. ಹಿಂದಿನ ಮನೆಯವರಿಗೂ ಮುಂದಿನ ಮನೆಯವರಿಗೂ ಎಳ್ಳಷ್ಟೂ ರಕ್ತಸಂಬಂಧವಿಲ್ಲ ಎಂದು ಬಂತು. ಅದರಿಂದ ಅನುಮಾನ ಕಡಿಮೆಯಾಗಲಿಲ್ಲ, ಹೆಚ್ಚಿತು. ಸಂಬಂಧವೂ ಇಲ್ಲದೆ ಕೊಟ್ಟರೆಂದರೆ ಮೊದಲಿನಿಂದಲೂ ಪಿಸುಗುಟ್ಟುತ್ತಿದ್ದ ಇನ್ನೊಂದು ಮಾತೇ ನಿಜ, ಮದ್ದು ಹಾಕಿದ್ದಾಳೆ. ಅನ್ನದಲ್ಲಿ ಏನೋ ಬೆರೆಸಿಕೊಟ್ಟು ಯಜಮಾನನನ್ನು ಹೇಳಿದಂತೆ ಕೇಳುವ ಹಾಗೆ ಮಾಡಿಕೊಂಡಿದ್ದಾಳೆ. ಈ ಮಾತು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಒಡವೆಯ ಹಾಗೆ ಇಳಿದು ಬಂದಿತ್ತು. ನಮ್ಮ ಮದುವೆಯಾದ ವಾರದೊಳಗೆ ನನ್ನ ಅತ್ತೆ ಗಿರಿಜಮ್ಮ ನನಗೂ ಕೊಟ್ಟರು. “ಹಿಂದಿನ ಮನೇಲಿ ಒಂದು ಲೋಟ ನೀರೂ ಕುಡೀಬೇಡ. ಆ ವಂಶದ ಕೈ ಅಂಥದ್ದು.”

ಈಗ ಹಿಂದಿನ ಮನೆಯಲ್ಲಿರುವುದು ಹೇಮಲತಾ ಒಬ್ಬರೇ. ಅರವತ್ತೆಂಟು ವರ್ಷ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು, ಗಂಡ ಇಲ್ಲ, ಮಕ್ಕಳಿಲ್ಲ. ಹುಟ್ಟಿದ್ದೂ ಅಲ್ಲೇ. ಊರಿನ ಅರ್ಧ ಮಕ್ಕಳು ಆಕೆಯ ಕೈಯ ಉಪ್ಪಿಟ್ಟು ತಿಂದು ಬೆಳೆದಿವೆ, ಯಾರಿಗೂ ಏನೂ ಆಗಿಲ್ಲ. ಆದರೂ ಹಬ್ಬಕ್ಕೆ ಆಕೆ ಕಳಿಸಿದ ಒಬ್ಬಟ್ಟು ಮುಂದಿನ ಮನೆಯಿಂದ ಸೀದಾ ಹಸುವಿನ ಬಾಯಿಗೆ ಹೋಗುತ್ತಿತ್ತು. ನಾನು ವಿಜ್ಞಾನ ಓದಿದವಳು. ನಾನೂ ತಿಂದವಳಲ್ಲ. ಇಪ್ಪತ್ತೈದು ವರ್ಷದಲ್ಲಿ ಒಂದು ತುಣುಕೂ ಇಲ್ಲ.

ತೇಜಸ್‌ನ ಅಣ್ಣ, ಈಗ ಮನೆತನದ ಹಿರಿಯರಾದ ರಂಜಿತ್ ಭಾವನಿಗೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಆಸೆ. ಆರನೆಯ ಕಲಮು ಇರುವ ತನಕ ಹಿಂದಿನ ಎರಡು ಅಂಕಣ ಮುಟ್ಟುವಂತಿಲ್ಲ. ಪೀಳಿಗೆಯಲ್ಲಂತೂ ‘ನಮ್ಮ ಮನೆಯವರೆಂದೇ’ ಎಂಬ ಮಾತನ್ನು ಓದಿಕೊಂಡ ತಂತ್ರಾಂಶ ಕೆಂಪಾಜಮ್ಮನಿಂದ ಹೇಮಲತಾವರೆಗೆ ಎಲ್ಲರನ್ನೂ ಮನೆತನದ ಪಟ್ಟಿಗೆ ಸೇರಿಸಿಬಿಟ್ಟಿತ್ತು.

“ನೋಡು ಸಿಂಚನ, ನಾನೇನು ಸುಳ್ಳು ಬರ್ಕೊಡು ಅಂತಿಲ್ಲ” ಎಂದರು ಭಾವ, ಉಯಿಲಿನ ಲಕೋಟೆ ನನ್ನ ಕೈಗಿಡುತ್ತಾ. “ಅಜ್ಜನ ಮನಸ್ಸಲ್ಲಿ ಏನಿತ್ತೋ ಅದು ಹೊರಗೆ ಬರ್ಲಿ. ಕೊಡೋ ಮನಸ್ಸಿತ್ತು ಅಂತ ಬಂದ್ರೆ ಕೈಮುಗಿದು ಸುಮ್ನಾಗ್ತೀನಿ.”

*

ಸ್ವಂತ ಮನೆಯ ಕಾಗದವನ್ನು ಪರೀಕ್ಷಕರು ಮುಟ್ಟಬಾರದು ಎಂಬ ನಿಯಮ ನಮ್ಮಲ್ಲಿದೆ. ನಮ್ಮ ಮುಖ್ಯಸ್ಥೆ ಆಸ್ಮಾ ಮೇಡಂ ಅದನ್ನು ಕೈಬೀಸಿ ತಳ್ಳಿಹಾಕಿದರು. “ಅಂಕೆ ಕೊಡೋದು ಯಂತ್ರ, ನೀವಲ್ಲ. ಕೂತ್ಕೊಳ್ಳಿ.”

ಕೂತೆ. ಹಾಳೆಯನ್ನು ಗಾಜಿನ ಮೇಲೆ ಹಾಸಿ, ಕೆಳಗಿನ ಭಾಗಕ್ಕೆ ರಟ್ಟಿನ ಪಟ್ಟಿ ಮುಚ್ಚಿದೆ. ಇದು ನಮ್ಮ ರೂಢಿ. ಉಯಿಲಿನ ಕೊನೆಯಲ್ಲಿ ಸಹಿ ಇರುತ್ತದೆ, ಸಾಕ್ಷಿಗಳ ಸಾಲಿರುತ್ತದೆ. ಸಹಿ ಅಭ್ಯಾಸಬಲದಿಂದ ಬೀಳುವಂಥದ್ದು, ಅದರಲ್ಲಿ ಮನಸ್ಸು ಕಾಣುವುದಿಲ್ಲ. ಸಾಕ್ಷಿಗಳದ್ದು ಬೇರೆಯವರ ಕೈ. ಇವೆಲ್ಲ ಸೇರಿದರೆ ಲೆಕ್ಕ ಕೆಡುತ್ತದೆ, ಮುಚ್ಚಿ ಎಂದು ಯಂತ್ರದ ಜೊತೆ ಬಂದ ಕೈಪಿಡಿಯಲ್ಲೇ ಬರೆದಿತ್ತು. ಹನ್ನೊಂದು ವರ್ಷ ಮುಚ್ಚಿದ್ದೇವೆ.

ಮುಕ್ಕಾಲು ಗಂಟೆಯಲ್ಲಿ ಉತ್ತರ ಬಂತು. ಹಿರಿಯ ಮಗ ಗುರುಶಾಂತಪ್ಪನಿಗೆ ಅಂಗಡಿ ಸಲ್ಲಬೇಕೆನ್ನುವ ಮೊದಲನೆಯ ಕಲಮಿಗೆ ತೊಂಬತ್ತಾರು. ನಡುವಿನವಕ್ಕೆ ಅರವತ್ತು, ಎಪ್ಪತ್ತು. ಆರನೆಯದಕ್ಕೆ ಒಂಬತ್ತು. ಏಳನೆಯದಕ್ಕೆ ಐವತ್ತೈದು.

ಒಂಬತ್ತು! ಅಷ್ಟು ಕಡಿಮೆ ಅಂಕೆ ನಾನು ಕೈಬೆರಳಲ್ಲಿ ಎಣಿಸುವಷ್ಟು ಸಲ ಮಾತ್ರ ನೋಡಿದ್ದೆ. ಅಕ್ಷರಗಳು ಒಂದೊಂದೂ ಕಲ್ಲು ಹೊತ್ತು ನಡೆದ ಹಾಗಿದ್ದವು. ಒಳಗೊಳಗೇ ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ? ಅತ್ತೆ ಹೇಳಿದ್ದು ಸುಳ್ಳಲ್ಲ, ನಾನು ತಿನ್ನದೆ ಬಿಟ್ಟ ಒಬ್ಬಟ್ಟುಗಳಿಗೂ ಒಂದು ಕಾರಣವಿತ್ತು ಎಂದುಕೊಂಡೆ. ವರದಿಗೆ ಸಹಿ ಹಾಕಿದೆ.

ಆದರೆ ಆ ತೊಂಬತ್ತಾರು ನನ್ನನ್ನು ಬಿಡಲಿಲ್ಲ. ಸಾಯುವ ಮುದುಕ, ಅಂಗಡಿ ಬಿಟ್ಟುಕೊಡುವಾಗ ಅಷ್ಟು ಕುಣಿದು ಕುಣಿದು ಬರೆಯುತ್ತಾನೆಯೇ? ನಾನು ಕಂಡ ವ್ಯಾಪಾರಸ್ಥರು ಬೀಗದ ಕೈ ಕೊಡುವಾಗ ಅರ್ಧ ಜೀವ ಕೊಡುತ್ತಾರೆ. ಅನುಮಾನಕ್ಕೆ ಮದ್ದಿಲ್ಲ ಅನ್ನುವುದು ನಮ್ಮಂಥವರಿಗೇ.

*

ಭಾನುವಾರ ತಿಪಟೂರಿನಲ್ಲಿ ಎಲ್ಲರೂ ನಡುಮನೆಯಲ್ಲಿ ಸೇರಿದೆವು. ಭಾವ ವರದಿಯನ್ನು ಗಟ್ಟಿಯಾಗಿ ಓದಿದರು. ‘ಒಂಬತ್ತು’ ಎನ್ನುವಾಗ ಅವರ ಧ್ವನಿ ಗೆದ್ದವರ ಧ್ವನಿಯಾಗಿತ್ತು.

“ನಾನ್ ಹೇಳಿರ್ಲಿಲ್ವಾ?” ಎಂದರು ಅತ್ತೆ. “ನಮ್ಮತ್ತೆ ಬಡ್ಕೊಂಡ್ರು, ಅವರತ್ತೆ ಬಡ್ಕೊಂಡ್ರು. ಯಾರ್ ಕೇಳಿದ್ರು? ಮಿಷಿನ್ನೇ ಬಂದು ಹೇಳ್ಬೇಕಾಯ್ತು.”

“ಅಮ್ಮ, ಮದ್ದು ಅಂತ ಎಲ್ಲೂ ಬರೆದಿಲ್ಲ” ಎಂದ ತೇಜಸ್.

“ಮತ್ತೆ ಒಂಬತ್ತು ಯಾಕ್ ಬಂತು? ನೀನ್ ಹೇಳು.”

ತೇಜಸ್ ನನ್ನ ಮುಖ ನೋಡಿದ. ಕೆಂಪು ಕಲಮು ಅಳಿಸುವ ಮುಂಚೆ ಅದರಲ್ಲಿ ಹೆಸರಿರುವವರಿಗೆ ತಿಳುವಳಿಕೆ ಪತ್ರ ಕೊಡಬೇಕು, ಅರವತ್ತು ದಿನ ಬಿಡಬೇಕು. ಪರೀಕ್ಷಕಿಯೇ ಕೊಟ್ಟರೆ ಕಾಯಿದೆಗೆ ಇನ್ನೂ ಒಳ್ಳೆಯದು ಎಂದು ಭಾವ ನನ್ನನ್ನೇ ಹಿಂದಕ್ಕೆ ಕಳಿಸಿದರು.

ಹೇಮಲತಾ ಹಿತ್ತಿಲ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪತ್ರವನ್ನು ಎರಡು ಸಲ ಓದಿ, ಮಡಿಸಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ಅಳುತ್ತಾರೆ, ಇಲ್ಲ ಬಯ್ಯುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ.

“ಕೂತ್ಕೊ ತಾಯಿ. ಮಜ್ಜಿಗೆ ಕೊಡ್ಲಾ?”

“ಬೇಡ ಹೇಮಕ್ಕ. ಇವತ್ತು ಉಪವಾಸ.”

“ನಿಮ್ಮನೇಲಿ ನಾನ್ ಹುಟ್ಟಿದಾಗ್ನಿಂದ ಎಲ್ರಿಗೂ ಉಪವಾಸವೇ ಬಿಡು” ಎಂದರು, ಸಿಟ್ಟಿಲ್ಲದೆ. “ಒಂದ್ ಮಾತು ಹೇಳ್ತೀನಿ, ನೀನ್ ಓದ್ದೋಳು. ನಂಗೂ ಅನುಮಾನ ಐತೆ.”

“ಏನು ಅನುಮಾನ?”

“ನಮ್ಮಜ್ಜೀರು ನಿಜವಾಗ್ಲೂ ಏನಾರ ಹಾಕಿದ್ರೇನೋ ಅಂತ. ಚಿಕ್ಕೋಳಿದ್ದಾಗಿಂದ ಕೇಳಿ ಕೇಳಿ ಹಂಗಾಗೈತೆ. ಯಾರಾದ್ರೂ ನನ್ ಅಡಿಗೆ ಚೆನ್ನಾಗೈತೆ ಅಂದ್ರೆ ಭಯ ಆಗ್ತದೆ.” ಬೀಜವೊಂದನ್ನು ಬೆರಳಲ್ಲಿ ತಿರುಗಿಸುತ್ತಾ ಮುಂದುವರಿಸಿದರು. “ನಮ್ಮಜ್ಜಿ ಮಾತ್ರ ಬೇರೆ ಹೇಳೋಳು. ಕಣ್ಣು ಕಾಣದ ಮುದುಕಂಗೆ ಅನ್ನ ಕಲಸಿ ಕೈಗೆ ಕೊಡ್ತಿದ್ದೋಳು ಕೆಂಪಾಜಮ್ಮ ಒಬ್ಳೇ ಅಂತೆ. ಮನೆ ತುಂಬ ಜನ ಇದ್ರೂ ಎಲ್ರಿಗೂ ಅಂಗ್ಡಿ ಕೆಲ್ಸ.”

“ಯಾರಿಗೆ ಕಣ್ಣು ಕಾಣ್ತಿರ್ಲಿಲ್ಲ?”

“ಯಜಮಾನ್ರಿಗೆ. ಚನ್ನಮಲ್ಲಪ್ಪೋರಿಗೆ. ಕೊನೆ ಮೂರು ವರ್ಷ ಪೂರ್ತಿ ಹೋಗಿತ್ತು. ಪೊರೆ ಬಂದು.”

ನಾನು ಎದ್ದು ನಿಂತೆ. ಅವರ ಮಾತನ್ನು ನಂಬಿದೆ ಎಂದಲ್ಲ. ಆಸ್ತಿ ಹೋಗುವಾಗ ಜನ ಏನು ಬೇಕಾದರೂ ಹೇಳುತ್ತಾರೆ. ಮುಂದಿನ ಮನೆಗೆ ಬಂದು ಅತ್ತೆಯನ್ನು ಬೇರೆ ದಾರಿಯಲ್ಲಿ ಕೇಳಿದೆ. “ಚನ್ನಮಲ್ಲಪ್ಪಜ್ಜ ಕೊನೆಗಾಲದಲ್ಲಿ ಅಂಗಡಿಗೆ ಹೋಗ್ತಿದ್ರಾ?”

“ಎಲ್ಲಿಂದ ಹೋಗ್ತಾರೆ? ಕಣ್ಣೇ ಇರ್ಲಿಲ್ವಲ್ಲ. ಅದಕ್ಕೇ ತಾನೆ ಅವಳ ಕೈಗೆ ಸಿಕ್ಕಿದ್ದು!” ಎಂದರು ಅತ್ತೆ.

ಎರಡು ಮನೆಗಳೂ ಒಪ್ಪುವ ಸಂಗತಿ ಅದೊಂದೇ ಇರಬೇಕು. ನನ್ನ ಕಣ್ಣ ಮುಂದೆ ಆ ಹಾಳೆ ಬಂತು. ಗೆರೆ ಹೊಡೆಯದ ಕಾಗದದ ಮೇಲೆ ನೂಲು ಹಿಡಿದ ಹಾಗೆ ನೇರವಾಗಿ ಹೋದ ಇಪ್ಪತ್ತೆಂಟು ಸಾಲುಗಳು. ಕುರುಡ ಹಾಗೆ ಬರೆಯುವುದಿಲ್ಲ.

*

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಪ್ರಯೋಗಾಲಯಕ್ಕೆ ಹೋದೆ. ಹಾಳೆಯನ್ನು ಗಾಜಿನ ಮೇಲೆ ಹಾಸಿದೆ. ರಟ್ಟಿನ ಪಟ್ಟಿ ಮುಚ್ಚಲಿಲ್ಲ.

ಕೆಳಗೆ ಚನ್ನಮಲ್ಲಪ್ಪನವರ ಸಹಿ. ಕೊನೆಯ ಸಾಲಿನ ಮೇಲೆಯೇ ಹತ್ತಿ, ಅಲ್ಲಿಂದ ಜಾರಿ, ಕಾಗದದ ಅಂಚಿನವರೆಗೆ ಓಡಿದ ಸಹಿ. ಅದರ ಪಕ್ಕ ಸಾಕ್ಷಿಗಳ ಎರಡು ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ, ಮೇಲಿನ ಇಪ್ಪತ್ತೆಂಟು ಸಾಲುಗಳ ಅದೇ ದುಂಡು ಅಕ್ಷರದಲ್ಲಿ, ‘ಬಿಕ್ಕಲಂ ಗುರುಶಾಂತಪ್ಪ’ ಎಂದಿತ್ತು.

ಹಳೆಯ ಪತ್ರಗಳನ್ನು ನೋಡಿದವರಿಗೆಲ್ಲ ಇದು ಗೊತ್ತು. ಪತ್ರವನ್ನು ಬರೆದುಕೊಟ್ಟವನು ಕೊನೆಯಲ್ಲಿ ಬಿಕ್ಕಲಂ ಎಂದು ಹಾಕಿ ತನ್ನ ಹೆಸರು ಬರೆಯುತ್ತಾನೆ. ನಮ್ಮ ಹಿರಿಯರು ಉಯಿಲನ್ನು ಕೈಯಾರೆ ಬರೆಯುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದರು. ಶ್ಯಾನುಭೋಗರೋ, ಮೇಷ್ಟರೋ, ಅಕ್ಷರ ಬಲ್ಲ ಮಗನೋ ಬರೆಯುತ್ತಿದ್ದರು. ಒತ್ತುಮಾಪಕವನ್ನು ಮಾಡಿದವರು ಬೇರೆ ದೇಶದವರು. ಅಲ್ಲಿ ಉಯಿಲು ಮಾಡುವವನೇ ಮೇಜಿನ ಮುಂದೆ ಕೂತು ಬರೆಯುತ್ತಾನಂತೆ. ಅವರಿಗೆ ಗೊತ್ತಿರಲಿಲ್ಲ, ತಪ್ಪಿಲ್ಲ. ನನಗೆ ಗೊತ್ತಿತ್ತು! ಪ್ರತಿ ದಿನ ಆ ಸಾಲನ್ನು ಕಣ್ಣಾರೆ ಕಂಡು, ಇದು ಬೇರೆಯವರ ಕೈ, ಲೆಕ್ಕ ಕೆಡುತ್ತದೆ ಎಂದು ನಾನೇ ರಟ್ಟು ಮುಚ್ಚುತ್ತಿದ್ದೆ. ಮೇಲಿನದೆಲ್ಲವೂ ಅದೇ ಬೇರೆಯವರ ಕೈ ಎಂದು ಒಂದು ದಿನವೂ ಹೊಳೆಯಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಪೈಕಿ ನಾನು. ಊರಿಗೆಲ್ಲ ಅನುಮಾನ ಹಂಚಿದವಳು, ಯಂತ್ರದ ಮೇಲೆ ಮಾತ್ರ ಅನುಮಾನ ಪಡಲಿಲ್ಲ.

ಅಂದರೆ ಅಂಗಡಿ ತನಗೆ ಬಂತೆಂದು ಬರೆಯುವಾಗ ತೊಂಬತ್ತಾರು ಬಂದದ್ದು ಗುರುಶಾಂತಪ್ಪನ ಕೈಗೆ. ಮನೆಯ ಹಿಂಭಾಗ ಅಡಿಗೆಯವಳಿಗೆ ಹೋಯಿತೆಂದು ಬರೆಯುವಾಗ ಒಂಬತ್ತು ಬಂದದ್ದೂ ಅದೇ ಕೈಗೆ.

ಆರನೆಯ ಕಲಮನ್ನು ಇನ್ನೂ ದೊಡ್ಡದು ಮಾಡಿ ನೋಡಿದೆ. ‘ಕೆಂಪಾಜಮ್ಮನಿಗೂ’ ಎಂಬ ಪದದ ಆಚೆ, ಕಾಗದದ ಅಂಚಿನಲ್ಲಿ, ಬರಿಗಣ್ಣಿಗೆ ಕಾಣದ ಹದಿನೇಳು ಗುಳಿಗಳಿದ್ದವು. ಅದೇ ನಿಬ್ಬಿನ ಮೊನೆ. ಬರೆಯುವುದನ್ನು ನಿಲ್ಲಿಸಿ, ಯೋಚಿಸುತ್ತಾ, ಮೊನೆಯನ್ನು ಕುಟ್ಟುತ್ತಾ ಕೂತಿದ್ದ. ಮೊನೆಯಲ್ಲಿದ್ದ ಮಸಿ ಅಷ್ಟರಲ್ಲಿ ಒಣಗಿತ್ತು. ಮುಂದಿನ ಪದ ಹೊಸ ಮಸಿಯಲ್ಲಿ ಶುರುವಾಗಿತ್ತು. ಆಮೇಲೆ ಒಂದು ಅಕ್ಷರವೂ ಬಿಡದೆ ಬರೆದಿದ್ದ. ‘ಆಕೆಯ ಸಂತತಿಯವರಿಗೂ.’ ‘ನಮ್ಮ ಮನೆಯವರೆಂದೇ.’

ಎದುರಿಗೆ ಕೂತು ಹೇಳುತ್ತಿದ್ದ ಅಪ್ಪನಿಗೆ ಕಣ್ಣಿಲ್ಲ. ಇಬ್ಬರು ಸಾಕ್ಷಿಗಳಿಗೆ ಓದು ಬಾರದು. ಆ ಕೋಣೆಯಲ್ಲಿ ಕಾಗದದ ಮೇಲೆ ಏನಿದೆ ಎಂದು ತಿಳಿಯಬಲ್ಲವನು ಅವನೊಬ್ಬನೇ. ಏನು ಬೇಕಾದರೂ ಬರೆದು, ಬೇರೇನನ್ನೋ ಓದಿ ಹೇಳಬಹುದಿತ್ತು.

ಆಸ್ಮಾ ಮೇಡಂ ಬಂದು ಪರದೆಯನ್ನು ನೋಡಿದರು, ಹಾಳೆಯನ್ನು ನೋಡಿದರು, ಹೋಗಿ ಬಾಗಿಲು ಹಾಕಿಕೊಂಡು ಬಂದರು. ಅವರು ಜಾಣೆ, ನಾನು ವಿವರಿಸಬೇಕಾಗಲಿಲ್ಲ.

“ಇದೊಂದನ್ನ ತಿದ್ದಿ. ಮಸಿ ಹರಡಿತ್ತು, ಯಂತ್ರ ತಪ್ಪಾಗಿ ಓದ್ತು ಅಂತ ಬರೀರಿ. ನಿಮ್ಮನೆ ಮಟ್ಟಿಗೆ ತಪ್ಪು ಸರಿಯಾಗುತ್ತೆ.”

“ಉಳಿದ ವರದಿಗಳು?”

“ಉಳಿದದ್ದು ಯಾರೂ ಕೇಳಿಲ್ಲ.” ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. “ಸಿಂಚನ, ನಿಜ ಬರೆದ್ರೆ ಈ ಬಾಗಿಲು ಮುಚ್ಚುತ್ತೆ. ಮೊದಲು ಹೋಗೋದು ನಿಮ್ಮ ಹೆಸರು. ಎಲ್ಲಾ ವರದಿ ಕೆಳಗೂ ನಿಮ್ಮ ಸಹಿ ಇದೆ.”

ಬೆದರಿಕೆಯ ಹಾಗೆ ಕೇಳಿಸಿತು. ಕಾಳಜಿಯೂ ಇದ್ದಿರಬಹುದು, ನನಗೆ ಅವತ್ತು ಯಾರ ಮಾತಿನಲ್ಲೂ ಕಾಳಜಿ ಕಾಣಿಸುತ್ತಿರಲಿಲ್ಲ. ಮೇಡಂ ಹೋದ ಮೇಲೆ, ಮಸಿ ಹರಡಿತ್ತು ಎಂದು ಅರ್ಧ ಸಾಲು ಬರೆದೆ. ಅಷ್ಟರಲ್ಲಿ ಬೆರಳು ನಿಂತಿತು. ಸುಳ್ಳು ಬರೆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ನನ್ನ ಕೋಣೆಯಲ್ಲೂ ಓದುವವರು ಬೇರೆ ಇರಲಿಲ್ಲ. ಅಳಿಸಿ, ಇದ್ದದ್ದನ್ನು ಇದ್ದಂತೆ ಬರೆದೆ. ಎರಡು ಪ್ರತಿ ತೆಗೆದು ಒಂದನ್ನು ಮೇಡಂ ಮೇಜಿನ ಮೇಲಿಟ್ಟೆ.

*

ಮುಂದಿನ ಭಾನುವಾರ ಮತ್ತೆ ನಡುಮನೆ. ಈ ಸಲ ಹೇಮಲತಾರನ್ನೂ ಕರೆಸಬೇಕೆಂದು ನಾನು ಹಟ ಹಿಡಿದೆ. ಅವರು ಬಂದು ಹೊಸಿಲ ಈಚೆ, ಗೋಡೆಗೆ ಒರಗಿ ನಿಂತರು. ಕೂರಿ ಎಂದರೂ ಕೂರಲಿಲ್ಲ.

ನಾನು ನಡೆದದ್ದನ್ನೆಲ್ಲ ಹೇಳಿದೆ. ನನ್ನ ವರದಿ ತಪ್ಪು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದೂ ಹೇಳಿದೆ. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಭಾವನಿಗೆ ಸಿಟ್ಟು ಬಂತು. “ಹೋದ್ವಾರ ಒಂದು, ಈ ವಾರ ಒಂದು. ಸರಿ, ಬರೆದಿದ್ದು ಗುರುಶಾಂತಪ್ಪಜ್ಜ. ಹಾಗಾದ್ರೆ ಹೇಳಿಸಿದೋರ ಮನಸ್ಸಲ್ಲಿ ಏನಿತ್ತು? ಅದಕ್ಕೆಷ್ಟು ಅಂಕೆ?”

“ಗೊತ್ತಿಲ್ಲ ಭಾವ. ಅವರ ಕೈಯದು ಸಹಿ ಒಂದೇ ಇರೋದು. ಅದರಿಂದ ಏನೂ ಹೇಳಕ್ಕಾಗಲ್ಲ.”

“ಅಂದ್ರೆ ಮದ್ದು ಹಾಕಿರ್ಲೂಬಹುದು” ಎಂದರು ಅತ್ತೆ.

“ಹಾಕಿರ್ಲೂಬಹುದು ಅತ್ತೆ. ಪ್ರೀತಿಯಿಂದ ಕೊಟ್ಟಿರ್ಲೂಬಹುದು. ಅದು ಯಾವ ಯಂತ್ರಕ್ಕೂ ಗೊತ್ತಾಗಲ್ಲ.”

“ಒಟ್ನಲ್ಲಿ ನಮ್ಮಜ್ಜನಿಗೆ ಕೊಡೋಕೆ ಮನಸ್ಸಿರ್ಲಿಲ್ಲ ಅನ್ನೋದಂತೂ ಸಾಬೀತಾಯ್ತಲ್ಲ” ಎಂದರು ಭಾವ. “ಒಂಬತ್ತು! ಗುರುಶಾಂತಪ್ಪಜ್ಜನ ರಕ್ತ ನಂದು. ಅವರಿಗೆ ಮನಸ್ಸಿರ್ಲಿಲ್ಲ, ನಂಗೂ ಇಲ್ಲ.”

ಗೋಡೆಯ ಕಡೆಯಿಂದ ಧ್ವನಿ ಬಂತು. ಹೇಮಲತಾ ಮುಂದಿನ ಮನೆಯ ನಡುಮನೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಮನಸ್ಸಿರ್ಲಿಲ್ಲ ಕಣಪ್ಪ. ಆದ್ರೂ ಬರೆದ್ರಲ್ಲ.”

ಅವರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

“ಮನಸ್ಸಿಟ್ಟು ಕೊಡೋದು ದೊಡ್ಡದಲ್ಲ, ಯಾರ್ ಬೇಕಾದ್ರೂ ಕೊಡ್ತಾರೆ. ಹೊಟ್ಟೆ ಉರೀತಿತ್ತು ಆ ಮಹಾನುಭಾವಂಗೆ. ಅಪ್ಪಂಗೆ ಕಣ್ಣಿಲ್ಲ. ಆರನೇದು ಬಿಟ್ಟು ಏಳನೇದು ಬರೆದಿದ್ರೆ ಕೇಳೋರ್ ಯಾರು? ನಾವು ಹುಟ್ಟಿದ ಜಾಗವೇ ಇಲ್ದಂಗಾಗ್ತಿತ್ತು, ಯಾರಿಗೂ ಗೊತ್ತೂ ಆಗ್ತಿರ್ಲಿಲ್ಲ. ಅಪ್ಪ ಹೇಳಿದ್ನ ಹೇಳ್ದಂಗೆ ಬರೆದ್ರು. ಇಷ್ಟ್ ದಿನ ನಾನು ಕಣ್ ಕಾಣದವರಿಗೆ ಕೈ ಮುಗೀತಿದ್ದೆ. ಇನ್ಮೇಲೆ ಇವರಿಗೂ ಮುಗೀತೀನಿ.” ಸೆರಗಿನಿಂದ ತಿಳುವಳಿಕೆ ಪತ್ರವನ್ನು ಬಿಚ್ಚಿ ಭಾವನ ಮುಂದೆ ಇಟ್ಟರು. “ನೀನು ಅಳಿಸೋದಾದ್ರೆ ಅಳ್ಸು ರಂಜಿತಪ್ಪ. ನಾನು ಕೋರ್ಟು ಕಚೇರಿ ಅಂತ ಓಡಾಡಾಕಿಲ್ಲ.”

ವರದಿಯನ್ನು ಹಿಂದಕ್ಕೆ ಪಡೆದ ಮೇಲೆ ಕಲಮಿಗೆ ಅಂಕೆ ಇಲ್ಲ. ಪರೀಕ್ಷೆಗೆ ಹೋಗಿ ಹೀಗೆ ಅಂಕೆ ಕಳೆದುಕೊಂಡ ಕಲಮನ್ನು ಉಳಿಸುವುದೋ ಅಳಿಸುವುದೋ ಎಂಬುದನ್ನು ಕಾಯಿದೆ ಪೂರ್ತಿ ಹಿರಿಯನ ಕೈಗೆ ಬಿಟ್ಟಿದೆ. ತೇಜಸ್ ಪೀಳಿಗೆಯ ಫಲಕವನ್ನು ಅಣ್ಣನ ತೊಡೆಯ ಮೇಲಿಟ್ಟ. ಪರದೆಯ ಮೇಲೆ ಎರಡು ಚೌಕ. ‘ಉಳಿಸುವುದು’, ‘ಅಳಿಸುವುದು’. ಅಳಿಸಿದ್ದು ಜಾರಿಯಾಗುವುದು ಅರವತ್ತು ದಿನ ಕಳೆದ ಮೇಲೆಯೇ, ಆದರೆ ಯಾವುದರ ಕೆಳಗೆ ಸಹಿ ಬಿದ್ದರೂ ಅದು ಶಾಶ್ವತ.

ಭಾವ ಫಲಕದ ಮೇಲೆ ಬರೆಯುವ ಕಡ್ಡಿಯನ್ನು ಹಿಡಿದುಕೊಂಡು ಕೂತರು. ಅವರು ಕೆಟ್ಟವರಲ್ಲ. ಹೊಸ ಮನೆಯ ನಕ್ಷೆಯನ್ನು ಮೂರು ಸಲ ಬರೆಸಿ, ಪ್ರತಿ ಸಲವೂ ಅಮ್ಮನ ಕೋಣೆಗೆ ಇನ್ನೊಂದು ಕಿಟಕಿ ಸೇರಿಸಿದ್ದವರು. ಕೊನೆಗೆ ಭಾವ ಹಲ್ಲು ಕಚ್ಚಿಕೊಂಡು ‘ಉಳಿಸುವುದು’ ಎಂಬುದರ ಕೆಳಗೆ ಪೂರ್ತಿ ಹೆಸರು ಬರೆದರು.

ಫಲಕಕ್ಕೂ ಕೈಯ ಒತ್ತು ಅಳೆಯುವ ಚಟ. ಸಹಿಯ ಪಕ್ಕದಲ್ಲೇ ಕೆಂಪು ಅಂಕೆ ಮೂಡಿತು.

“ಹನ್ನೊಂದು” ಎಂದ ತೇಜಸ್, ತಡೆಯಲಾರದೆ.

“ಇರ್ಲಿ ಬಿಡೋ” ಎಂದು ಗದರಿದರು ಭಾವ. “ಸಹಿ ನಿಲ್ಲುತ್ತೆ ತಾನೆ ಸಿಂಚನ?”

“ನಿಲ್ಲುತ್ತೆ ಭಾವ.”

ಅವರು ಫಲಕವನ್ನು ತಮ್ಮನ ಕೈಗೆ ತುರುಕಿ, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೊರಟುಹೋದರು. ಭಾನುವಾರ ಅಂಗಡಿಗೆ ರಜೆ.

ನಾನು ಹೇಮಲತಾರ ಜೊತೆ ಹಿತ್ತಿಲ ಬಾಗಿಲವರೆಗೆ ಹೋದೆ. ಮನಸ್ಸು ಹಗುರವಾಗಿತ್ತು. ಒಳ್ಳೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯೂ ಇತ್ತು, ಅದನ್ನು ಯಾರಾದರೂ ಬಾಯಿಬಿಟ್ಟು ಹೇಳಲಿ ಎಂಬ ಆಸೆಯೂ ಇತ್ತು. ಬಾಗಿಲಲ್ಲಿ ಅವರು ನಿಂತು ನನ್ನ ಕೈ ಹಿಡಿದುಕೊಂಡರು.

“ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಾನ್ ನಿನ್ ಕಣ್ಣಿಗೆ ಕಾಣೋ ದೂರದಲ್ಲಿದ್ದೆ, ಅದಕ್ಕೆ ನೀನ್ ತಿರುಗಿ ನೋಡ್ದೆ. ಈ ಥರ ಕೆಂಪು ಬರೆದು ಎಷ್ಟ್ ಮನೆಗೆ ಕಳ್ಸಿದ್ದೀಯ ತಾಯಿ?”

ಬೇರೆ ಯಾರಾದರೂ ಕೇಳಿದ್ದರೆ ಲೆಕ್ಕ ನೋಡಬೇಕು ಎನ್ನುತ್ತಿದ್ದೆ. ಲೆಕ್ಕ ನೋಡಿಯಾಗಿತ್ತು. ಸೋಮವಾರವೇ ನೋಡಿದ್ದೆ, ತೇಜಸ್‌ಗೂ ಹೇಳಿರಲಿಲ್ಲ.

“ಮೂರು ಸಾವಿರದ ನಾನೂರ ಆರು” ಎಂದೆ.

ಅವರು ನನ್ನ ಕೈ ಬಿಟ್ಟರು. ಬಯ್ಯಲಿಲ್ಲ. ಹೊಸಿಲಿನ ಮೇಲೆ ಮೆಲ್ಲಗೆ ಕೂತು, ಅಷ್ಟೂ ಮನೆಗಳ ಬಾಗಿಲನ್ನು ಒಂದೊಂದಾಗಿ ಕಾಣುತ್ತಿರುವವರ ಹಾಗೆ ಹಿತ್ತಿಲನ್ನು ನೋಡುತ್ತಾ ಉಳಿದರು.